ಪಿ.ಟಿ. ಪೀರಿಯಡ್ ಬಂದರೆ ಹೊಟ್ಟೆನೋವು

ಪ್ರಶ್ನೆ: ಮಗನಿಗೆ 11 ವರ್ಷ, ಎತ್ತರ 142 ಸೆಂ.ಮೀ., ತೂಕ 54 ಕೆ.ಜಿ. ಪಿ.ಟಿ. ಇರುವ ದಿನ ಹೊಟ್ಟೆನೋವು ಅನ್ನುತ್ತಾನೆ. ಸಂಜೆ ನಾಲ್ಕು ಗಂಟೆ ಕಾಲ ಮೊಬೈಲೇ. ಅಪ್ಪ ಕಿತ್ತುಕೊಂಡರೆ ಊಟ ಬಿಟ್ಟು ಮಲಗುತ್ತಾನೆ. ಏನು ಮಾಡಲಿ?

ಉತ್ತರ: ಹೊಟ್ಟೆನೋವು ಬರೀ ನೆಪ ಅಂದುಕೊಳ್ಳಬೇಡಿ. ಭಯಕ್ಕೂ ಹೊಟ್ಟೆ ನಿಜವಾಗಿ ನೋಯುತ್ತದೆ. ಮೈದಾನದಲ್ಲಿ ಎಲ್ಲರೂ ಅವನ ಮೈ ನೋಡುತ್ತಾರೆ, ಮೊಬೈಲಿನೊಳಗೆ ಯಾರೂ ನೋಡುವುದಿಲ್ಲ. ಹಾಗಾಗಿ ಮೊದಲು ಆಟ ಸರಿಹೋಗಲಿ, ಮೊಬೈಲ್ ಆಮೇಲೆ.

ಓಟದಿಂದ ಮಾತ್ರ ಶುರು ಮಾಡಬೇಡಿ. ಓಡುವಾಗ ಹಿಂದೆ ಬೀಳುವ ಮಗು ಎಳೆಯುವುದು, ತಳ್ಳುವುದು, ಎಸೆಯುವುದರಲ್ಲಿ ಅನೇಕ ಸಲ ಮುಂದಿರುತ್ತದೆ. ಹಗ್ಗಜಗ್ಗಾಟ, ಗುಂಡೆಸೆತ ಆಗಬಹುದು. ಈಜು ಇನ್ನೂ ಒಳ್ಳೆಯದು, ಅಲ್ಲಿ ಮೈಭಾರವನ್ನು ನೀರೇ ಹೊರುತ್ತದೆ. ಅಂಗಿ ಬಿಚ್ಚಲು ನಾಚಿಕೆಯಾದರೆ ತೋಳಿರುವ ಈಜುಡುಗೆ ಕೊಡಿಸಿ. ಯಾವ ಆಟವಾದರೂ ಮೊದಲ ವಾರ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ ಸಾಕು. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ. ವಾರವಾರ ಐದೈದು ನಿಮಿಷ ಏರಿಸಿ ದಿನಕ್ಕೆ ಒಟ್ಟು 60 ನಿಮಿಷ ಮುಟ್ಟಿಸಿ.

ಮಕ್ಕಳು ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ: ತೊಡೆ ಉಜ್ಜಿ ಚರ್ಮ ಉರಿಯುವುದು. ಮೊಣಕಾಲಿನವರೆಗಿನ ಬಿಗಿ ಚಡ್ಡಿ ಒಳಗೆ ಹಾಕಿಸಿ, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿಸಿ. ಇಷ್ಟಕ್ಕೇ ಆಟಕ್ಕೆ ಹೊರಡುವ ಮಕ್ಕಳಿದ್ದಾರೆ.

ಮೊಬೈಲಿಗೆ ಎರಡೇ ಕಟ್ಟಳೆ ಸಾಕು. ತಟ್ಟೆಯ ಮುಂದೆ ಬೇಡ, ಕಣ್ಣು ಪರದೆಯ ಮೇಲಿದ್ದರೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಮಲಗುವ ಒಂದು ಗಂಟೆ ಮೊದಲು ಎಲ್ಲರ ಮೊಬೈಲೂ ನಡುಮನೆಯಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ! ಅವನಿಗೆ ರಾತ್ರಿ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು.

ತೂಕ ಇಳಿಸುವ ಪಥ್ಯ ಮಾಡಿಸಬೇಡಿ. ಬೆಳೆಯುವ ವಯಸ್ಸು, ತೂಕ ಅಲ್ಲೇ ನಿಂತು ಎತ್ತರ ಏರಿದರೂ ಅದು ಗೆಲುವೇ. ತಿಂಗಳಿಗೊಮ್ಮೆ ತೂಗಿದರೆ ಸಾಕು. ‘ಡುಮ್ಮ’ ಅನ್ನುವ ನೆಂಟರನ್ನು ಅವನೆದುರೇ ತಡೆಯಿರಿ. ಅಮ್ಮ ಸುಮ್ಮನಿದ್ದರೆ ಮಗು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತದೆ.

ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪಿದ್ದರೆ ಅದು ಕೊಳೆಯಲ್ಲ, ತಿಕ್ಕಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಇರಬಹುದು. ಅದಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತಂತಾದರೆ, ಮಕ್ಕಳ ವೈದ್ಯರಿಗೆ ತೋರಿಸಿ. ಸೊಂಟ, ತೊಡೆ ಅಥವಾ ಮೊಣಕಾಲು ನೋವೆಂದು ಕುಂಟಿದರೆ ಆಟ ನಿಲ್ಲಿಸಿ ಅಂದೇ ಮೂಳೆ ವೈದ್ಯರ ಬಳಿ ಹೋಗಿ. ಈ ವಯಸ್ಸಿನಲ್ಲಿ, ಭಾರ ಹೆಚ್ಚಿದ್ದಾಗ, ತೊಡೆಮೂಳೆಯ ತಲೆ ಜಾರುವ ಅಪಾಯವಿದೆ.

ಈ ವಾರವೇ ಪಿ.ಟಿ. ಮೇಷ್ಟ್ರನ್ನು ಕಾಣಿ. ತಂಡ ಆರಿಸುವುದನ್ನು ಮಕ್ಕಳಿಗೆ ಬಿಡದೆ, ಒಂದು-ಎರಡು ಎಂದು ಎಣಿಸಿ ಅವರೇ ಹಂಚಲಿ. ಕೊನೆಗೆ ಉಳಿದವನಾಗಿ ನಿಲ್ಲುವುದು ಅವನಿಗೆ ತಪ್ಪುತ್ತದೆ.