ವಿಲ್ಸನ್ ಕಾಯಿಲೆಗೆ ಪಾಲಿಮರ್ ಔಷಧಿ ಬರುತ್ತಂತೆ. ಅಲ್ಲಿಯವರೆಗೆ ತಂಗಿಯ ಮಾತ್ರೆ ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ಒಂದು ದಿನದ ಮಟ್ಟಿಗೂ ಬೇಡ. ವಿಲ್ಸನ್ ಕಾಯಿಲೆ ಅಂದರೆ ಮೈಯಲ್ಲಿ ತಾಮ್ರ ಹೊರಗೆ ಹೋಗದೆ ಕೂಡಿಬೀಳುವ, ತಂದೆತಾಯಿಯ ಜೀನ್‌ನಿಂದ ಬರುವ ಕಾಯಿಲೆ.

ಆ ತಾಮ್ರ ತೆಗೆಯುವ ಪೆನಿಸಿಲಮೈನ್ ಮಾತ್ರೆ ನುಂಗಿದರೆ ತಂಗಿಗೆ ವಾಕರಿಕೆ ಬರುತ್ತೆ, ಅದಕ್ಕೇ ಈ ಯೋಚನೆ ಅಂತ ಬರೆದಿದ್ದೀರಿ. ಆ ಸಂಕಟ ನಮ್ಮ ಮನೆಗೂ ಗೊತ್ತು, ನನ್ನ ತಮ್ಮನಿಗೂ ಇದೇ ಕಾಯಿಲೆ. ಮಾತ್ರೆ ಖಾಲಿ ಹೊಟ್ಟೆಗೇ ಆಗಬೇಕು. ಹಬ್ಬದ ದಿನವೂ ಎಲೆ ಹಾಕುವ ಮೊದಲು ಅಮ್ಮ ಗಡಿಯಾರ ನೋಡುತ್ತಾರೆ. ಆದರೆ ಹುಷಾರಾಗಿದ್ದೀನಲ್ಲ ಎಂದು ಔಷಧಿ ಬಿಟ್ಟವರಿಗೆ ಲಿವರ್ ಹಠಾತ್ತನೆ ಕೈಕೊಟ್ಟು ಜೀವಕ್ಕೇ ಬಂದದ್ದಿದೆ. ವಾಕರಿಕೆಯ ಬಗ್ಗೆ ವೈದ್ಯರಿಗೆ ಹೇಳಿ. ತಾಮ್ರ ತೆಗೆಯುವ ಇನ್ನೊಂದು ಔಷಧಿ ಟ್ರೈಎಂಟೀನ್‌ಗೆ, ಅಥವಾ ಕರುಳಿನಲ್ಲೇ ತಾಮ್ರವನ್ನು ತಡೆಯುವ ಸತುವಿನ ಮಾತ್ರೆಗೆ ಬದಲಾಯಿಸುವ ದಾರಿ ಅವರಿಗಿದೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ವೈದ್ಯನಲ್ಲ. ಪಾಲಿಮರ್, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ದೊಡ್ಡ ಅಣು, ಅದರ ವಿಚಾರವನ್ನು ಮಾತ್ರ ಬಿಡಿಸಿ ಹೇಳಬಲ್ಲೆ.

ಊಟದಲ್ಲಿ ದಿನಕ್ಕೆ 1ರಿಂದ 2 ಮಿಲಿಗ್ರಾಂ ತಾಮ್ರ ಒಳಗೆ ಹೋಗುತ್ತೆ. ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಕಳಿಸುತ್ತೆ. ಎಟಿಪಿ7ಬಿ ಎಂಬ ಜೀನ್ ಕೆಟ್ಟಿದ್ದರೆ ಈ ಬಾಗಿಲು ಮುಚ್ಚಿಹೋಗಿ ತಾಮ್ರ ಮೊದಲು ಲಿವರ್‌ನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಕೂರುತ್ತೆ. 1956ರಲ್ಲಿ ಬ್ರಿಟಿಷ್ ವೈದ್ಯ ಜಾನ್ ವಾಲ್ಶ್ ಬಳಕೆಗೆ ತಂದ ಪೆನಿಸಿಲಮೈನ್ ರಕ್ತಕ್ಕೆ ಸೇರಿ, ತಾಮ್ರವನ್ನು ಹಿಡಿದು ಮೂತ್ರದಲ್ಲಿ ತೆಗೆದುಹಾಕುತ್ತೆ. ಮೈಯೆಲ್ಲ ಸುತ್ತುವುದರಿಂದಲೇ ಅದರ ಅಡ್ಡಪರಿಣಾಮಗಳೂ ಹೆಚ್ಚು.

ಪಾಲಿಮರ್ ಹಾಗಲ್ಲ. ಅದರ ಕಣ ಕರುಳಿನ ಗೋಡೆ ದಾಟಲಾರದಷ್ಟು ದೊಡ್ಡದು. ಅದಕ್ಕೆ ತಾಮ್ರ ಹಿಡಿಯುವ ಕೊಂಡಿಗಳನ್ನು ಜೋಡಿಸಿದರೆ, ಊಟದ ತಾಮ್ರವನ್ನೂ ಜೊಲ್ಲು, ಜಠರರಸದ ಜೊತೆ ಕರುಳಿಗೆ ಇಳಿಯುವ ತಾಮ್ರವನ್ನೂ ಹಿಡಿದುಕೊಂಡು ಮಲದಲ್ಲಿ ಹೋಗಿಬಿಡುತ್ತೆ. ಇದು ಬರೀ ಕನಸಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ನುಂಗುವ ಸೆವೆಲಮರ್ ಇಂಥದ್ದೇ ಪಾಲಿಮರ್, ಅದು ಹಿಡಿಯುವುದು ಫಾಸ್ಫೇಟನ್ನು. ತಾಮ್ರಕ್ಕೆ ಸಂಬಂಧಿಸಿದಂತೆ ಪ್ರಾಗ್‌ನ ಸಂಶೋಧಕರು ಕೈಟೋಸಾನ್ ಕಣಗಳನ್ನು ಪ್ರಯತ್ನಿಸಿದ್ದಾರೆ. ಕೈಟೋಸಾನ್ ಅಂದರೆ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ವಸ್ತು. ಅದಕ್ಕೆ ತಾಮ್ರ ಹಿಡಿಯುವ 8-ಹೈಡ್ರಾಕ್ಸಿಕ್ವಿನೊಲಿನ್ ಎಂಬ ಕೊಂಡಿ ಹಾಕಿ, ಇಲಿಗಳಿಗೆ ಕೊಟ್ಟು, ವಿಕಿರಣಶೀಲ ತಾಮ್ರ ಎಲ್ಲಿ ಹೋಗುತ್ತದೆಂದು ನೋಡಿದರು. 2018ರ ಆ ಪ್ರಬಂಧ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಆಸೆ ಹುಟ್ಟಿತ್ತು.

ಆದರೆ ಇಲಿಯಿಂದ ಮನುಷ್ಯರ ಮಾತ್ರೆಯವರೆಗಿನ ದಾರಿ ದೊಡ್ಡದು. ತಾಮ್ರ ಹಿಡಿಯುವ ಕೊಂಡಿ ಕಬ್ಬಿಣವನ್ನೂ ಸತುವನ್ನೂ ಎಳೆದುಕೊಂಡರೆ ಇನ್ನೊಂದು ಕೊರತೆ ಶುರು. ಅದಕ್ಕಿಂತ ಮುಖ್ಯವಾದದ್ದು, ಕರುಳಿನಲ್ಲೇ ಉಳಿಯುವ ಪಾಲಿಮರ್ ಲಿವರ್, ಮೆದುಳಿನಲ್ಲಿ ಆಗಲೇ ಕೂತಿರುವ ತಾಮ್ರಕ್ಕೆ ನೇರವಾಗಿ ಕೈ ಹಾಕಲಾರದು. ಹಾಗಾಗಿ ಅದು ಬಂದರೂ ಮೊದಲು ಸತುವಿನ ಜಾಗಕ್ಕೆ, ಅಂದರೆ ತಾಮ್ರ ಹತೋಟಿಗೆ ಬಂದವರಿಗೆ ಬರುತ್ತದೆ ಎಂಬುದು ನನ್ನ ಅಂದಾಜು.

ಮನೆಯಲ್ಲಿ ತಾಮ್ರದ ತಂಬಿಗೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿಯುವ ರೂಢಿಯಿದ್ದರೆ ತಂಗಿಗೆ ಅದು ಬೇಡ.

ಇನ್ನೊಂದು ಮಾತು. ನೀವು ಅವಳ ಒಡಹುಟ್ಟಿದವರು, ನಿಮಗೂ ಈ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಲಕ್ಷಣ ಏನೂ ಕಾಣದಿದ್ದರೂ. ತಮ್ಮನಿಗೆ ಗೊತ್ತಾದ ವಾರವೇ ನನಗೂ ಸೆರುಲೋಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್) ರಕ್ತಪರೀಕ್ಷೆ ಮಾಡಿಸಿ, ಕಣ್ಣುಗುಡ್ಡೆಯ ಕಪ್ಪು ಭಾಗದ ಅಂಚಿನಲ್ಲಿ ತಾಮ್ರ ಕೂತ ಉಂಗುರ ಇದೆಯಾ ಎಂದು ನೋಡಿದ್ದರು. ನಿಮ್ಮ ಪತ್ರದಲ್ಲಿ ನಿಮ್ಮ ಪರೀಕ್ಷೆಯ ಮಾತೇ ಇಲ್ಲ. ಆಗಿಲ್ಲದಿದ್ದರೆ ತಂಗಿಯ ಮುಂದಿನ ಭೇಟಿಯ ದಿನವೇ ನೀವೂ ಮಾಡಿಸಿಕೊಳ್ಳಿ.