ಪ್ರಶ್ನೋತ್ತರ: ಟೇಪಿಗೆ ಹೋದ ಫೈಲುಗಳ ಕಾಟ

ಪ್ರಶ್ನೆ: ನಮ್ಮ ಫೈಲ್ ಸರ್ವರ್‌ನ ಡಿಸ್ಕ್ 20 ಟಿಬಿ. ಆರು ತಿಂಗಳು ಯಾರೂ ಮುಟ್ಟದ ಫೈಲುಗಳನ್ನು ಎಚ್‌ಎಸ್‌ಎಂ (ಬಳಕೆಯಿಲ್ಲದ ಫೈಲುಗಳನ್ನು ಅಗ್ಗದ ಸಂಗ್ರಹಕ್ಕೆ ಸಾಗಿಸಿ, ಬೇಕಾದಾಗ ತರುವ ತಂತ್ರಾಂಶ) ತಾನಾಗಿಯೇ ಮ್ಯಾಗ್ನೆಟಿಕ್ ಟೇಪಿಗೆ ಸಾಗಿಸುತ್ತದೆ. ಆಂಟಿವೈರಸ್ ಬದಲಿಸಿದ ಮರುದಿನವೇ ಡಿಸ್ಕ್ ತುಂಬಿಹೋಯಿತು. ಯಾಕೆ?

ಉತ್ತರ: ಹೊಸ ಆಂಟಿವೈರಸ್ ರಾತ್ರಿ ಎಲ್ಲ ಫೈಲುಗಳನ್ನೂ ತೆರೆದು ನೋಡಿರಬೇಕು. ಟೇಪಿಗೆ ಹೋದ ಫೈಲಿನ ಜಾಗದಲ್ಲಿ ಡಿಸ್ಕಿನ ಮೇಲೆ ಉಳಿಯುವುದು ಬರೀ ಸ್ಟಬ್. ಹೆಸರು, ಅಳತೆ, ತಾರೀಖು ಎಲ್ಲ ಹಾಗೇ ಇರುತ್ತವೆ, ಹೊಟ್ಟೆ ಮಾತ್ರ ಖಾಲಿ. ಅದನ್ನು ಯಾರೇ ಓದಹೋದರೂ ಇಡೀ ಫೈಲು ಟೇಪಿನಿಂದ ವಾಪಸ್ ಬರುತ್ತದೆ. ಓದುತ್ತಿರುವುದು ಮನುಷ್ಯರೋ ಪ್ರೋಗ್ರಾಮೋ ಎಂದು ಎಚ್‌ಎಸ್‌ಎಂ ವಿಚಾರಿಸುವುದಿಲ್ಲ.

ವಾಪಸ್ ಬಂದವು ಮತ್ತೆ ಯಾಕೆ ಹೋಗಲಿಲ್ಲ? ಓದಿದಾಗ ‘ಕೊನೆಯ ಬಳಕೆ’ ತಾರೀಖು ಹೊಸದಾಗಿರಬಹುದು. ಹಾಗಾದರೆ ನಿಮ್ಮ ನಿಯಮದ ಲೆಕ್ಕದಲ್ಲಿ ಅವು ಇನ್ನಾರು ತಿಂಗಳು ಅಲುಗುವಂತಿಲ್ಲ.

ಮೊದಲು ಸ್ಕ್ಯಾನ್ ನಿಲ್ಲಿಸಿ. ಟೇಪ್ ಪ್ರತಿ ಸರಿಯಾಗಿರುವ, ತಿದ್ದುಪಡಿಯಾಗದ ಫೈಲುಗಳನ್ನು ಕೈಯಾರೆ ಬಿಡುಗಡೆ ಮಾಡಿ, ಅಂದರೆ ಡಿಸ್ಕಿನಲ್ಲಿ ಮತ್ತೆ ಸ್ಟಬ್ ಮಾತ್ರ ಉಳಿಸಿ. ಮತ್ತೆ ಟೇಪಿಗೆ ಬರೆಯಬೇಕಿಲ್ಲವಾದ್ದರಿಂದ ಡಿಸ್ಕ್ ಬೇಗ ಖಾಲಿಯಾಗುತ್ತದೆ. ಬಳಿಕ ಡಿಸ್ಕ್ ಶೇ. 90 ದಾಟಿದರೆ ವಯಸ್ಸು ನೋಡದೆ ಶೇ. 80ಕ್ಕೆ ಇಳಿಸುವಂತೆ ಮಿತಿ ಇಡಿ. ಆಂಟಿವೈರಸ್, ಬ್ಯಾಕಪ್, ಸರ್ಚ್ ಇಂಡೆಕ್ಸ್, ಚಿತ್ರಗಳ ಥಂಬ್‌ನೇಲ್, ಈ ನಾಲ್ಕಕ್ಕೂ ‘ಆಫ್‌ಲೈನ್ ಫೈಲು (ಟೇಪಿಗೆ ಹೋದದ್ದು) ಬಿಟ್ಟುಬಿಡು’ ಎಂದು ಹೇಳಿಡಬೇಕು. ನಾಲ್ಕನೆಯದನ್ನೇ ಹೆಚ್ಚಿನವರು ಮರೆಯುವುದು: ಫೋಲ್ಡರ್ ತೆರೆದರೆ ಸಾಕು, ನೂರಾರು ಫೋಟೋ ಹೊರಟುಬರುತ್ತವೆ.

ಸ್ಟಬ್ ಗುರುತಿಸುವುದು ಸುಲಭ. ವಿಂಡೋಸ್‌ನಲ್ಲಿ ಫೈಲುಗಳ ಪಟ್ಟಿ ತೋರಿಸುವ ‘ಡಿಐಆರ್’ ಆಜ್ಞೆ ಕೊಟ್ಟಾಗ ಆಫ್‌ಲೈನ್ ಫೈಲಿನ ಅಳತೆ ಆವರಣದೊಳಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಫೈಲಿನ ಅಳತೆಯನ್ನೂ ಅದು ಡಿಸ್ಕಿನಲ್ಲಿ ಹಿಡಿದಿರುವ ಬ್ಲಾಕುಗಳನ್ನೂ (ಜಾಗದ ಸಣ್ಣ ತುಂಡುಗಳನ್ನೂ) ಹೋಲಿಸಿ: 2 ಜಿಬಿ ಫೈಲಿಗೆ ನಾಲ್ಕೈದು ಬ್ಲಾಕ್ ಮಾತ್ರ ಇದ್ದರೆ ಒಳಗೆ ಸರಕಿಲ್ಲ.

ಇನ್ನೊಂದು ಮಾತು. ಡಿಸ್ಕನ್ನು ‘ನೋ-ಎಟೈಮ್’ ಆಯ್ಕೆಯಲ್ಲಿ ಮೌಂಟ್ ಮಾಡಿದ್ದರೆ ಓದಿದ ತಾರೀಖು ದಾಖಲಾಗುವುದೇ ಇಲ್ಲ. ಆಗ ಎಡವಟ್ಟು ಉಲ್ಟಾ: ದಿನಾ ಓದುವ ಫೈಲೂ ಟೇಪಿಗೆ ಹೋಗುತ್ತದೆ.

ಪ್ರಶ್ನೆ: ಹಳೆಯ ಪ್ರಾಜೆಕ್ಟಿನ 40,000 ಫೈಲು ಬೇಕಿತ್ತು. ಕಾಪಿ ಶುರುಮಾಡಿ ಮೂರು ದಿನವಾದರೂ ಕಾಲುಭಾಗ ಮುಗಿದಿಲ್ಲ. ಟೇಪ್ ಓದುವ ಡ್ರೈವ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಕಾಪಿ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಕೇಳುತ್ತಿದೆ, ಟೇಪಿನ ಮೇಲೆ ಅವು ಇರುವ ಕ್ರಮವೇ ಬೇರೆ. ಪ್ರತಿ ಫೈಲಿಗೂ ಟೇಪ್ ಹಿಂದೆ ಮುಂದೆ ಓಡಬೇಕು. ಒಂದಕ್ಕೆ ಒಂದು ನಿಮಿಷ ಹಿಡಿದರೂ ಒಂದೇ ಡ್ರೈವಿಗೆ 40,000 ನಿಮಿಷ, ಅಂದರೆ ಸುಮಾರು 28 ದಿನ! ಒಂದೊಂದು 20 ಎಂಬಿ ಎಂದುಕೊಂಡರೆ ಒಟ್ಟು ಡೇಟಾ 800 ಜಿಬಿ. ಎಲ್‌ಟಿಒ-8 ಬಗೆಯ ಟೇಪ್ ಡ್ರೈವ್ ಸೆಕೆಂಡಿಗೆ 360 ಎಂಬಿ ಓದಬಲ್ಲದು, ಎಡೆಬಿಡದೆ ಓದಿದರೆ 40 ನಿಮಿಷದ ಕೆಲಸ.

ಆದ್ದರಿಂದ ಕಾಪಿ ನಿಲ್ಲಿಸಿ, ಫೈಲುಗಳ ಪಟ್ಟಿಯನ್ನು ಎಚ್‌ಎಸ್‌ಎಂಗೇ ಕೊಟ್ಟು ಒಟ್ಟಿಗೆ ತರಿಸಿ. ಪಟ್ಟಿಯನ್ನು ಟೇಪಿನ ಕ್ರಮಕ್ಕೆ ಜೋಡಿಸಿಕೊಳ್ಳುವ ಸೌಲಭ್ಯ ನಿಮ್ಮ ಆವೃತ್ತಿಯಲ್ಲಿದ್ದರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಪೂರ್ತಿ ಬಂದ ಮೇಲೆ ಕಾಪಿ ಮಾಡಿ. ಅದಕ್ಕೂ ಮುನ್ನ ಡಿಸ್ಕಿನಲ್ಲಿ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಪ್ರಾಜೆಕ್ಟ್ ಮುಗಿದಾಗಲೇ ಚಿಲ್ಲರೆ ಫೈಲುಗಳನ್ನು ಕೆಲವು ಜಿಬಿಯ ಟಾರ್ ಕಟ್ಟುಗಳಾಗಿ (ಹಲವು ಫೈಲು ಸೇರಿಸಿದ ಒಂದೇ ಫೈಲಾಗಿ) ಕಟ್ಟಿಟ್ಟಿದ್ದರೆ ಈ ಪಾಡೇ ಇರುತ್ತಿರಲಿಲ್ಲ.

ಪ್ರಶ್ನೆ: ಫೈಲು ಟೇಪಿನಲ್ಲೇ ಇದೆಯಲ್ಲ, ಬ್ಯಾಕಪ್ ಬೇರೆ ಬೇಕೆ?

ಉತ್ತರ: ಬೇಕು. ಅದು ಬ್ಯಾಕಪ್ ಅಲ್ಲ, ಇರುವ ಒಂದೇ ಪ್ರತಿ. ಎರಡು ಬೇರೆ ಟೇಪಿಗೆ ಬರೆಸಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಎಚ್‌ಎಸ್‌ಎಂನ ಡೇಟಾಬೇಸನ್ನೂ ಬ್ಯಾಕಪ್ ಮಾಡಿ, ಅದಿಲ್ಲದಿದ್ದರೆ ಯಾವ ಫೈಲು ಯಾವ ಟೇಪಿನಲ್ಲಿದೆ ಎಂದು ಹುಡುಕುವುದು ಬಲು ಕಷ್ಟ. ಸ್ಟಬ್‌ಗಳ ಬ್ಯಾಕಪ್ ಒಂದು ವರ್ಷ ಉಳಿಯುವುದಾದರೆ, ಅಳಿಸಿದ ಫೈಲಿನ ಟೇಪ್ ಪ್ರತಿ ಒಂದು ವರ್ಷಕ್ಕಿಂತ ಹೆಚ್ಚು ಉಳಿಯಬೇಕು. ಟೇಪ್ ಪ್ರತಿಯ ಅವಧಿ 60 ದಿನ ಎಂದಿದ್ದರೆ, ಮೂರನೇ ತಿಂಗಳು ನೀವು ರಿಸ್ಟೋರ್ ಮಾಡುವ ಸ್ಟಬ್ ಚೆನ್ನಾಗಿಯೇ ಕಾಣುತ್ತದೆ, ತೆರೆದಾಗ ಮಾತ್ರ ಎರರ್ ಬರುತ್ತದೆ.