‘ಮಳೆ’ ಅಂತ ಕೊಟ್ಟರೆ ಎಲ್ಲರದೂ ಒಂದೇ ಮಳೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ವಾಟ್ಸಾಪ್ ಗುಂಪುಗಳಲ್ಲಿ ವಿಷಯ ಕೊಟ್ಟು ಬರೆಸುವ ಚಾಲೆಂಜ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂದಿದ್ದೆವು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ ಜಾಸ್ತಿ ಪ್ರಶ್ನೆ ಬಂದಿವೆ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಡಂ, ನಮ್ಮದು ನೂರೈವತ್ತು ಜನರ ಗುಂಪು. ಓದುವವರು, ಬರೆಯುವವರು, ಬರೀ ಗುಡ್ ಮಾರ್ನಿಂಗ್ ಕಳಿಸುವವರು, ಎಲ್ಲರೂ ಇದ್ದಾರೆ. ಹೋದ ತಿಂಗಳು ‘ಮಳೆ’ ಅಂತ ವಿಷಯ ಕೊಟ್ಟೆವು. ಏಳು ಕವಿತೆ ಬಂದವು. ಏಳರಲ್ಲೂ ಇಳೆ ತಣಿದಳು! ಈ ಸಲ ‘ಅಮ್ಮ’ ಅಂತ ಕೊಡೋಣ ಅಂತಿದ್ದೇವೆ. ಏನು ಹೇಳುತ್ತೀರಿ?
— ವಿದ್ಯಾನಗರ, ದಾವಣಗೆರೆ

ಬೇಡ. ‘ಅಮ್ಮ’ ಅಂದರೆ ಇನ್ನೂ ಹತ್ತು ಜಾಸ್ತಿ ಬರಬಹುದು, ಆದರೆ ಅಷ್ಟೂ ಅಮ್ಮಂದಿರು ತ್ಯಾಗಮಯಿಗಳೇ ಆಗಿರುತ್ತಾರೆ. ಒಬ್ಬಳೂ ಸೀರಿಯಲ್ ನೋಡುತ್ತಾ ಹಾಲು ಉಕ್ಕಿಸಿರುವುದಿಲ್ಲ, ಒಬ್ಬಳೂ ಪಕ್ಕದ ಮನೆಯವರ ಜೊತೆ ನಲ್ಲಿ ನೀರಿಗೆ ಜಗಳ ಆಡಿರುವುದಿಲ್ಲ.

ದೊಡ್ಡ ವಿಷಯ ಕೊಟ್ಟರೆ ಹೀಗೇ ಆಗುವುದು. ಶಾಲೆಯ ಪ್ರಬಂಧದ ಕಾಲದಿಂದ ತಲೆಯಲ್ಲಿ ಕೂತಿರುವ ಸಾಲುಗಳೇ ಮೊದಲು ಹೊರಗೆ ಬರುತ್ತವೆ. ಬರೆಯುವವರನ್ನು ಬೈದು ಪ್ರಯೋಜನ ಇಲ್ಲ, ವಿಷಯ ಕೊಟ್ಟವರನ್ನೇ ಹಿಡಿಯಬೇಕು. ಚಿಕ್ಕದು ಕೊಡಿ. ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು ಕೊಡಿ. ‘ಮಳೆ’ ಬದಲು ‘ಮಳೆ ಬಂತು ಅಂತ ಗಡಿಬಿಡಿಯಲ್ಲಿ ಒಳಗೆ ತಂದಿದ್ದು’ ಅನ್ನಿ ನೋಡೋಣ. ಒಬ್ಬರ ಮನೆಯಲ್ಲಿ ಸಂಡಿಗೆ, ಇನ್ನೊಬ್ಬರ ಮನೆಯಲ್ಲಿ ಕಣದಲ್ಲಿ ಹರವಿದ ಮೆಕ್ಕೆಜೋಳ, ಮತ್ತೊಬ್ಬರ ಮನೆಯಲ್ಲಿ ಕಟ್ಟೆ ಮೇಲೆ ಮಲಗಿದ್ದ ಅಜ್ಜ. ಮಳೆ ಒಂದೇ, ಕತೆ ಮೂರು.

ನಿಮ್ಮೂರಲ್ಲೇ ಎಷ್ಟು ಬೇಕೋ ಅಷ್ಟು ಇದೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ‘ಜಾತ್ರೆ’ ಅಂತ ಕೊಟ್ಟರೆ ಜನಸಾಗರ, ಭಕ್ತಿ, ಸಂಭ್ರಮ ಅಂತ ಪೇಪರ್ ವರದಿ ಬರುತ್ತದೆ. ‘ಜಾತ್ರೆಗೆ ಬಂದ ನೆಂಟರು ಹೊರಟ ಮೇಲೆ’ ಅಂತ ಕೊಡಿ. ಅದರಲ್ಲಿ ಸಾಲ ಬರುತ್ತದೆ, ಪಾತ್ರೆ ತೊಳೆದ ಕೈ ಬರುತ್ತದೆ, ಮರೆತು ಹೋದ ಚಾರ್ಜರ್ ಬರುತ್ತದೆ, ನೆಂಟಸ್ತಿಕೆಯ ಮಾತುಕತೆ ಮುರಿದುಬಿದ್ದಿದ್ದೂ ಬರುತ್ತದೆ.

ಮಂಡಕ್ಕಿ ಮೇಲೆ ಬರೆಸುವುದಾದರೆ ತಿನ್ನುವುದರ ಬಗ್ಗೆ ಬೇಡ, ಭಟ್ಟಿ ಬಗ್ಗೆ ಬರೆಸಿ. ಅಕ್ಕಿ ಕಾದ ಮರಳಿಗೆ ಬಿದ್ದ ಕೂಡಲೇ ಚಟಚಟ ಅಂತ ಅರಳುತ್ತದೆ, ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಷ್ಟು ಹೊತ್ತು ಆ ಬೆಂಕಿಯ ಮುಂದೆ ನಿಂತವರ ಕೈ, ಕಣ್ಣು, ಬಟ್ಟೆ ಹೇಗಿರುತ್ತವೆ? ಇದಕ್ಕೆ ಒಂದು ಸಲ ಹೋಗಿ ನೋಡಿ ಬರಬೇಕಾಗುತ್ತದೆ, ಇಲ್ಲವೇ ಅಲ್ಲಿ ದುಡಿದವರನ್ನು ಕೇಳಬೇಕಾಗುತ್ತದೆ. ಒಳ್ಳೆಯದೇ ಆಯಿತಲ್ಲ.

ಗುಂಪಿನಲ್ಲಿ ಹರಪನಹಳ್ಳಿ ಕಡೆಯವರು ಇದ್ದರೆ ‘ನಮ್ಮ ವಿಳಾಸ’ ಅಂತ ಕೊಡಿ. 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಬಂದು, ಆಮೇಲೆ ವಾಪಸ್ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ತಾಲ್ಲೂಕು ಅದು. ಮನೆ ಕದಲಿಲ್ಲ, ಜಿಲ್ಲೆ ಮಾತ್ರ ಬದಲಾಗುತ್ತಲೇ ಹೋಯಿತು! ಚಿತ್ರದುರ್ಗದವರಾದರೆ ವಾಣಿವಿಲಾಸ ಸಾಗರ ಇದೆ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ‘ಕೋಡಿ ಬಿದ್ದ ದಿನ ನಾನೆಲ್ಲಿದ್ದೆ’ ಅಂದರೆ ಸಾಕು. ನೋಡಲು ಹೋದವರು ಒಂದು ಬರೆಯುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿ ನೋಡಲಾಗದೆ ವಾಪಸ್ ಬಂದವರು ಇನ್ನೂ ಚೆನ್ನಾಗಿ ಬರೆಯುತ್ತಾರೆ.

ಬೆಣ್ಣೆ ದೋಸೆ ಮಾತ್ರ ದಯವಿಟ್ಟು ಕೊಡಬೇಡಿ. ಆ ಬಗ್ಗೆ ಬರೆದವರಿಗಿಂತ ಬರೆಯದವರನ್ನು ಹುಡುಕುವುದೇ ಈಗ ಕಷ್ಟ.

ವಿಷಯ ಗಟ್ಟಿಯಾಗಿದೆಯಾ ಅಂತ ನೋಡಲು ಒಂದು ದಾರಿ ಹೇಳುತ್ತೇನೆ. ಗುಂಪಿನಲ್ಲಿ ಎಂದೂ ಬರೆಯದ ಒಬ್ಬರಿಗೆ ಫೋನ್ ಮಾಡಿ ವಿಷಯ ಹೇಳಿ. ‘ಅಯ್ಯೋ, ನಮ್ಮನೇಲಿ ಒಂದ್ಸಲ ಏನಾಯ್ತು ಗೊತ್ತಾ’ ಅಂತ ಅವರು ಶುರು ಮಾಡಿದರೆ ವಿಷಯ ಪಾಸ್. ‘ಒಳ್ಳೆ ವಿಷಯ ಸರ್’ ಅಂದು ಸುಮ್ಮನಾದರೆ ಬದಲಾಯಿಸಿ.

ಎಷ್ಟು ದಿನ ಟೈಮ್ ಕೊಡಬೇಕು? ಎಷ್ಟು ಪದ? ನಮ್ಮ ಗುಂಪಿನಲ್ಲಿ ಒಬ್ಬರು ಹದಿನಾಲ್ಕು ಪುಟ ಕಳಿಸಿದ್ದರು, ಯಾರೂ ಓದಲಿಲ್ಲ, ಅವರು ಗುಂಪು ಬಿಟ್ಟು ಹೋದರು.
— ಹರಿಹರ

ಮುನ್ನೂರು ಪದ ಸಾಕು. ಮೊಬೈಲ್‌ನಲ್ಲಿ ಬಸ್ಸಿಗೆ ಕಾಯುತ್ತಾ ಓದಿ ಮುಗಿಸಬಹುದಾದಷ್ಟು. ಎರಡು ಭಾನುವಾರ ಸಿಗುವ ಹಾಗೆ ಹತ್ತು ಹನ್ನೆರಡು ದಿನ ಕೊಡಿ, ಒಂದು ಭಾನುವಾರ ಹೇಗೂ ಯಾರದೋ ಮದುವೆಗೆ ಹೋಗುತ್ತದೆ. ತಿಂಗಳು ಕೊಟ್ಟರೆ ಎಲ್ಲರೂ ಮರೆಯುತ್ತಾರೆ. ವಿಷಯ, ಕೊನೆಯ ದಿನ, ಪದಮಿತಿ ಮೂರನ್ನೂ ಒಂದೇ ಮೆಸೇಜಿನಲ್ಲಿ ಬರೆದು ಗುಂಪಿನ ಮೇಲ್ಗಡೆ ಪಿನ್ ಮಾಡಿ. ವಾಟ್ಸಾಪ್‌ನಲ್ಲಿ 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತದೆ, 30 ಒತ್ತಿ. ಇಲ್ಲದಿದ್ದರೆ ‘ಲಾಸ್ಟ್ ಡೇಟ್ ಯಾವಾಗ ಸರ್’ ಅನ್ನೋ ಪ್ರಶ್ನೆಗೆ ಉತ್ತರ ಕೊಡುವುದೇ ನಿಮ್ಮ ಕೆಲಸವಾಗುತ್ತದೆ.

ಇನ್ನೊಂದು ತಾಪತ್ರಯ ಫಾಂಟಿನದು. ಹಳೆಯ ನುಡಿ ಫಾಂಟಿನಲ್ಲಿ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದರೆ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸಿ ಕಳಿಸಲು ಮೊದಲೇ ಹೇಳಿಬಿಡಿ. ಟೈಪ್ ಮಾಡಲು ಬಾರದ ಹಿರಿಯರು ಕೈಯಲ್ಲಿ ಬರೆದು ಫೋಟೋ ಕಳಿಸಲಿ, ಮನೆಯ ಹುಡುಗರು ಯಾರಾದರೂ ಟೈಪ್ ಮಾಡಿಕೊಡುತ್ತಾರೆ. ಅಥವಾ ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಲಿ, ತಪ್ಪುಗಳನ್ನು ಆಮೇಲೆ ತಿದ್ದಿದರಾಯಿತು. ತಡವಾಗಿ ಬಂದಿದ್ದನ್ನೂ ತಗೊಳ್ಳಿ. ಇದೇನು ಪರೀಕ್ಷೆ ಅಲ್ವಲ್ಲ.

ಬಹುಮಾನ ಇಟ್ಟಿದ್ದೆವು. ವಾಟ್ಸಾಪ್ ಪೋಲ್ ಹಾಕಿ ಗೆದ್ದವರನ್ನು ಆರಿಸಿದೆವು. ಈಗ ಗುಂಪಿನಲ್ಲಿ ಎರಡು ಪಾರ್ಟಿ ಆಗಿದೆ. ಮುಂದೇನು?
— ಚಿತ್ರದುರ್ಗ

ಆಗದೇ ಇರುತ್ತದೆಯೇ? ವಾಟ್ಸಾಪ್ ಪೋಲ್‌ನಲ್ಲಿ ಯಾರು ಯಾರಿಗೆ ಒತ್ತಿದರು ಅಂತ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ಸೊಸೆ ಅತ್ತೆಯ ಕವಿತೆಗೆ ಒತ್ತದೆ ಪಕ್ಕದ ಬೀದಿಯವರ ಕತೆಗೆ ಒತ್ತಿದ್ದು ಮನೆಗೇ ಗೊತ್ತಾಗುತ್ತದೆ. ಮೇಲಾಗಿ ಪೋಲ್‌ನಲ್ಲಿ ಗೆಲ್ಲುವುದು ಯಾರ ಪರಿಚಯ ದೊಡ್ಡದೋ ಅವರು.

ನನ್ನನ್ನು ಕೇಳಿದರೆ ಬಹುಮಾನವನ್ನೇ ತೆಗೆದುಬಿಡಿ. ಒಬ್ಬರಿಗೆ ಖುಷಿ, ಇಪ್ಪತ್ತು ಜನರಿಗೆ ‘ನನ್ನದ್ಯಾಕೆ ಆಗಲಿಲ್ಲ’ ಅನ್ನೋ ಕೊರಗು, ಮುಂದಿನ ತಿಂಗಳು ಆ ಇಪ್ಪತ್ತರಲ್ಲಿ ಅರ್ಧ ಜನ ಬರೆಯುವುದಿಲ್ಲ. ಅದರ ಬದಲು ನಡೆಸಿಕೊಡುವವರು ಬಂದ ಅಷ್ಟೂ ಬರಹ ಓದಿ ಕೊನೆಯಲ್ಲಿ ಒಂದು ಟಿಪ್ಪಣಿ ಬರೆಯಲಿ. ಎಲ್ಲರ ಹೆಸರೂ ಇರಬೇಕು, ಪ್ರತಿಯೊಬ್ಬರ ಬರಹದಿಂದ ಒಂದು ಸಾಲಾದರೂ ಎತ್ತಿ ತೋರಿಸಬೇಕು. ‘ಸೂಪರ್’, ‘ಅದ್ಭುತ’, ಚಪ್ಪಾಳೆ ಇಮೋಜಿ ಇವು ಯಾವುವೂ ಲೆಕ್ಕಕ್ಕಿಲ್ಲ. ‘ಅಜ್ಜನನ್ನು ಚಾಪೆ ಸಮೇತ ಎತ್ತಿ ಒಳಗಿಟ್ಟೆವು, ಅವರಿಗೆ ಎಚ್ಚರವೇ ಆಗಲಿಲ್ಲ ಅನ್ನೋ ಕಡೆ ನಕ್ಕೆ, ಆದರೆ ನಿಮ್ಮ ಕತೆ ಅಲ್ಲಿಗೇ ಮುಗಿದಿದ್ದರೆ ಇನ್ನೂ ಚೆನ್ನಾಗಿತ್ತು’ ಅಂತ ಬರೆದರೆ ಆ ಮನುಷ್ಯನಿಗೆ ತನ್ನನ್ನು ಒಬ್ಬರು ನಿಜವಾಗಿ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಐನೂರು ರೂಪಾಯಿಯ ಶೀಲ್ಡ್ ಕೊಟ್ಟರೂ ಈ ಖುಷಿ ಬರುವುದಿಲ್ಲ. ಶೀಲ್ಡ್ ಹೇಗೂ ಅಟ್ಟ ಸೇರುತ್ತದೆ.

ಇದು ಕಷ್ಟದ ಕೆಲಸ, ಇಲ್ಲ ಅನ್ನುವುದಿಲ್ಲ. ಇಪ್ಪತ್ತು ಬರಹ ಓದಿ ಒಂದೊಂದಕ್ಕೂ ಎರಡು ಸಾಲು ಬರೆಯಲು ಒಂದು ಇಡೀ ಸಂಜೆ ಬೇಕು. ಅದಕ್ಕೇ ಪ್ರತಿ ತಿಂಗಳೂ ಒಬ್ಬರೇ ನಡೆಸಬಾರದು. ಈ ತಿಂಗಳು ನೀವು, ಮುಂದಿನ ತಿಂಗಳು ಮೆಡಿಕಲ್ ಶಾಪಿನವರು, ಅದರಾಚೆ ತಿಂಗಳು ರಿಟೈರ್ಡ್ ಮೇಷ್ಟ್ರು. ವಿಷಯ ಆರಿಸುವ ಹಕ್ಕು ಅವರದೇ, ಓದಿ ಟಿಪ್ಪಣಿ ಬರೆಯುವ ಹೊಣೆಯೂ ಅವರದೇ. ಹಕ್ಕು ಬೇಕು, ಹೊಣೆ ಬೇಡ ಅನ್ನುವವರಿಗೆ ಪಾಳಿ ಕೊಡಬೇಡಿ.

ಬಹುಮಾನ ಇಡಲೇಬೇಕು ಅಂತ ಹಟ ಇದ್ದರೆ ಬರಹಗಳು ಗುಂಪಿಗೆ ಬಾರದೆ ಒಬ್ಬರಿಗೆ ಮಾತ್ರ ಬರಲಿ. ಅವರು ಹೆಸರು ತೆಗೆದು ನಂಬರ್ ಹಾಕಿ ಬೇರೆ ಊರಿನ ಒಬ್ಬರಿಗೆ ಓದಲು ಕೊಡಲಿ. ಅವರಾಗಲಿ ಅವರ ಮನೆಯವರಾಗಲಿ ಆ ತಿಂಗಳು ಸ್ಪರ್ಧೆಯಲ್ಲಿ ಇರಬಾರದು. ಪಾರ್ಟಿ ಆಗಿರುವ ಇಬ್ಬರನ್ನೂ ಮುಂದಿನ ತಿಂಗಳು ಜೊತೆಯಾಗಿ ನಡೆಸಿಕೊಡಲು ಹೇಳಿ, ಕೆಲಸ ಬಿದ್ದರೆ ಜಗಳಕ್ಕೆ ಪುರುಸೊತ್ತು ಸಿಗುವುದಿಲ್ಲ.

ಅರ್ಧಕ್ಕರ್ಧ ಬರಹ ಚಾಟ್‌ಜಿಪಿಟಿಯಲ್ಲಿ ಬರೆಸಿದ್ದು ಅಂತ ಅನುಮಾನ. ಹಿಡಿಯುವುದು ಹೇಗೆ?
— ಚಳ್ಳಕೆರೆ

ಹಿಡಿಯಲು ಹೋಗಬೇಡಿ. ಯಂತ್ರ ಬರೆದಿದ್ದನ್ನು ಪತ್ತೆ ಹಚ್ಚುತ್ತೇವೆ ಅನ್ನುವ ಸಾಧನಗಳು ಇಂಗ್ಲಿಷಿನಲ್ಲೇ ತಪ್ಪು ಹೇಳುತ್ತವೆ, ಕನ್ನಡದಲ್ಲಿ ಅವನ್ನು ನಂಬಿ ಒಬ್ಬರ ಮರ್ಯಾದೆ ತೆಗೆಯುವುದು ಸರಿಯಲ್ಲ. ಪಾಪ, ಕೆಲವರು ಮೊದಲಿನಿಂದಲೂ ಹಾಗೇ ಬರೆಯುವವರು ಇರುತ್ತಾರೆ!

ಮತ್ತೆ ವಿಷಯಕ್ಕೇ ಬರುತ್ತೇನೆ. ‘ಸ್ನೇಹ’ ಅಂತ ಕೊಟ್ಟರೆ ಯಂತ್ರ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ, ನಿಮ್ಮ ಗುಂಪಿನ ಮುಕ್ಕಾಲು ಜನರಿಗಿಂತ ನೀಟಾಗಿ. ‘ನಮ್ಮ ಬೀದಿಯಲ್ಲಿ ಮುಚ್ಚಿಹೋದ ಅಂಗಡಿ’ ಅಂತ ಕೊಡಿ. ಆ ಅಂಗಡಿಯಾತ ಕಡಲೆಬೀಜ ಕಟ್ಟಿಕೊಡುವಾಗ ಪೊಟ್ಟಣ ಹೇಗೆ ಸುತ್ತುತ್ತಿದ್ದ, ಸಾಲದ ಪುಸ್ತಕದಲ್ಲಿ ನಿಮ್ಮ ಮನೆಗೆ ಏನಂತ ಹೆಸರಿಟ್ಟಿದ್ದ ಅನ್ನೋದು ಯಂತ್ರಕ್ಕೆ ಎಲ್ಲಿಂದ ಗೊತ್ತಾಗಬೇಕು? ಕಾಗುಣಿತ ತಿದ್ದಿಸಿಕೊಳ್ಳಲು ಯಾರಾದರೂ ಬಳಸಿದರೆ ಬಳಸಲಿ ಬಿಡಿ. ಅನುಮಾನ ಬಂದರೆ ‘ಆ ಅಂಗಡಿ ಎಲ್ಲಿತ್ತು ಸರ್?’ ಅಂತ ಒಂದು ಪ್ರಶ್ನೆ ಪ್ರೀತಿಯಿಂದ ಕೇಳಿ, ಸಾಕು.

ತಿಂಗಳಿಡೀ ದಿನಕ್ಕೊಂದು ವಿಷಯ ಕೊಡಬಹುದಾ?
— ಹೊನ್ನಾಳಿ

ಕೊಡಬಹುದು, ಹತ್ತನೇ ದಿನಕ್ಕೆ ನೀವೊಬ್ಬರೇ ಬರೆಯುತ್ತಿರುತ್ತೀರಿ. ಅಮೆರಿಕದಲ್ಲಿ ನವೆಂಬರ್ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವ ಒಂದು ಸವಾಲು ಇತ್ತು. 1999ರಲ್ಲಿ 21 ಜನರಿಂದ ಶುರುವಾಗಿ ಲಕ್ಷಾಂತರ ಜನರ ತನಕ ಬೆಳೆಯಿತು. ದಿನಕ್ಕೆ ಸುಮಾರು 1,667 ಪದ ಬಿತ್ತು! ಅದನ್ನು ನಡೆಸುತ್ತಿದ್ದ ಸಂಸ್ಥೆಯೇ 2025ರಲ್ಲಿ ಬಾಗಿಲು ಹಾಕಿತು. ನಿಮಗೆ ದಿನಾ ಬೇಕೇಬೇಕು ಅಂದರೆ ಒಂದು ವಾರ ಮಾಡಿ, ದಿನಕ್ಕೆ ಐದೇ ಸಾಲು.

ವಿಷಯ ಕೊಟ್ಟು ಕೊಟ್ಟು ಸಾಕಾಗಿದೆ. ಬೇರೆ ಏನಾದರೂ ಹೊಸದು?
— ಹಿರಿಯೂರು

ಹೊಸದಕ್ಕೆ ಹಳೆಯದನ್ನೇ ನೋಡಿ. ಸಭೆಯಲ್ಲಿ ಕೂತು ಕೇಳಿದ್ದಕ್ಕೆಲ್ಲ ಸ್ಥಳದಲ್ಲೇ ಪದ್ಯ ಕಟ್ಟಿ ಹೇಳುವ ಅವಧಾನ ನೋಡಿದ್ದೀರಾ? ಅದರಲ್ಲಿ ದತ್ತಪದಿ ಅಂತ ಒಂದು ಇದೆ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ನಾಲ್ಕು ಪದ ಕೊಡುತ್ತಾರೆ, ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ, ಅವಧಾನಿ ಅವನ್ನೆಲ್ಲ ಸೇರಿಸಿ ಪದ್ಯ ಹೇಳಬೇಕು. ನಿಷೇಧಾಕ್ಷರಿಯಲ್ಲಿ ಪದ್ಯ ಕಟ್ಟುತ್ತಾ ಹೋದ ಹಾಗೆ ‘ಈ ಅಕ್ಷರ ಬೇಡ’ ಅಂತ ತಡೆಯುತ್ತಾರೆ. ಸಮಸ್ಯೆಯಲ್ಲಿ ಕೊನೆಯ ಸಾಲು ಕೊಟ್ಟು ಉಳಿದಿದ್ದು ನೀವು ತುಂಬಿಸಿ ಅನ್ನುತ್ತಾರೆ, ಆ ಸಾಲು ಕೇಳಿದರೆ ಅರ್ಥವೇ ಉಲ್ಟಾ ಇರುತ್ತದೆ. 13ನೇ ಶತಮಾನದ ಆಂಡಯ್ಯ ಅಂತೂ ಸಂಸ್ಕೃತದ ತತ್ಸಮ ಪದ ಬೇಡ ಅಂತ ತಾನೇ ಕಟ್ಟು ಹಾಕಿಕೊಂಡು ಇಡೀ ಕಾವ್ಯ ಬರೆದ.

ನಮಗೆ ಛಂದಸ್ಸು ಬೇಡ. ‘ಹಗ್ಗ, ಪಾಸ್‌ಬುಕ್, ಹುಣಸೆಹಣ್ಣು, ಸೈರನ್’ ಈ ನಾಲ್ಕೂ ಬರುವ ಹಾಗೆ ಒಂದು ಪ್ಯಾರಾ ಬರೆಯಿರಿ ಅನ್ನಿ. ಇನ್ನೊಂದು ತಿಂಗಳು ‘ನಾನು’ ಅನ್ನೋ ಪದ ಒಂದು ಸಲವೂ ಬರಬಾರದು ಅನ್ನಿ. ಮತ್ತೊಂದು ತಿಂಗಳು ‘ಅದಕ್ಕೇ ಅವತ್ತಿನಿಂದ ನಮ್ಮನೆಯಲ್ಲಿ ಯಾರೂ ಚಹಾ ಕುಡಿಯುವುದಿಲ್ಲ’ ಅನ್ನೋದು ಕೊನೆಯ ಸಾಲಾಗಬೇಕು ಅನ್ನಿ. ಕವಿತೆಯವರು, ಕತೆಯವರು, ಏನೂ ಬರೆಯದವರು ಎಲ್ಲರೂ ಆಗ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ.

ಬಂದ ಬರಹಗಳನ್ನು ಸೇರಿಸಿ ಪುಸ್ತಕ ಮಾಡಬೇಕು ಅಂತಿದ್ದೇವೆ. ನಮ್ಮ ಗುಂಪಿಗೇ ಕಳಿಸಿದ್ದಲ್ವಾ, ಮತ್ತೆ ಕೇಳಬೇಕಾ?
— ಶಿಕ್ಷಕಿ, ಹೊಳಲ್ಕೆರೆ

ಕೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಬರಹದ ಹಕ್ಕುದಾರರು. ಅದಕ್ಕೆ ನೋಂದಣಿ ಮಾಡಿಸಿರಬೇಕು ಅಂತೇನೂ ಇಲ್ಲ, ಅವರು ಬದುಕಿರುವ ತನಕ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಗುಂಪಿಗೆ ಹಾಕಿದ ಮಾತ್ರಕ್ಕೆ ಅದು ಗುಂಪಿನದಾಗುವುದಿಲ್ಲ. ‘ಈ ಬರಹವನ್ನು ಈ ಸಂಕಲನದಲ್ಲಿ ಒಂದು ಸಲ ಅಚ್ಚು ಮಾಡಲು ಒಪ್ಪಿದ್ದೇನೆ, ಹಕ್ಕು ನನ್ನದೇ’ ಅಂತ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಮಕ್ಕಳು ಬರೆದಿದ್ದರೆ ತಂದೆ ತಾಯಿಯ ಸಹಿ. ತಿದ್ದಿದ್ದರೆ ಅಚ್ಚಿಗೆ ಹೋಗುವ ಮುಂಚೆ ತೋರಿಸಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ನಮ್ಮ ದೇಶದಲ್ಲಿ ಅದು ಉಚಿತ. ಇನ್ನೊಂದು ಮಾತು: ಮನೆಯವರ, ನೆರೆಯವರ ಗುಟ್ಟು ಬರೆದವರಿಗೆ ಫೋನ್ ಮಾಡಿ ಕೇಳಿ. ಗುಂಪಿನಲ್ಲಿ ನೂರು ಜನ ಓದುವುದು ಬೇರೆ, ಅಚ್ಚಾಗಿ ಊರಿನ ಲೈಬ್ರರಿಯಲ್ಲಿ ಕೂರುವುದು ಬೇರೆ.

ಬರಹದ ಮಧ್ಯೆ ರಾಜಕೀಯದ ಫಾರ್ವರ್ಡ್‌ಗಳು ಬಂದು ಬೀಳುತ್ತವೆ.
— ಜಗಳೂರು

ಬರಹಕ್ಕೆ ಒಂದು ಗುಂಪು, ಹರಟೆಗೆ ಇನ್ನೊಂದು. ಬರಹದ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಮಾಡಿ.

ಮೊದಲ ಸಲ ಶುರು ಮಾಡುತ್ತಿದ್ದೇನೆ. ಯಾರೂ ಬರೆಯದಿದ್ದರೆ ಮರ್ಯಾದೆ ಹೋಗುತ್ತದಲ್ವಾ ಅಕ್ಕಾ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಹೋಗುವುದಿಲ್ಲಮ್ಮ. ವಿಷಯ ಹಾಕುವ ಮುಂಚೆಯೇ ಮೂವರಿಗೆ ಹೇಳಿಟ್ಟಿರು. ಒಬ್ಬರು ಚೆನ್ನಾಗಿ ಬರೆಯುವವರು, ಇಬ್ಬರು ಸಾಧಾರಣ. ಮೊದಲ ಬರಹ ಸಾಧಾರಣದವರದೇ ಬರಲಿ, ಅದನ್ನು ನೋಡಿ ‘ಇಷ್ಟು ನಾನೂ ಬರೀಬಲ್ಲೆ’ ಅಂತ ಉಳಿದವರಿಗೆ ಧೈರ್ಯ ಬರುತ್ತದೆ. ತುಂಬಾ ಚೆನ್ನಾಗಿರೋದು ಮೊದಲೇ ಬಂದರೆ ಮಿಕ್ಕವರು ಫೋನ್ ಕೆಳಗಿಡುತ್ತಾರೆ. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಗುಂಪಿನಲ್ಲಿ ನೆನಪಿಸುವ ಬದಲು ಐದಾರು ಜನರಿಗೆ ಬೇರೆಬೇರೆಯಾಗಿ ಮೆಸೇಜ್ ಮಾಡು, ‘ಆಂಟಿ, ನೀವು ಆವತ್ತು ಹೇಳಿದ್ರಲ್ಲ ಆ ಕತೆ, ಅದನ್ನೇ ಬರೆದು ಕಳಿಸಿ’ ಅಂತ. ನಾಲ್ಕೇ ಬಂದರೂ ನಾಲ್ಕಕ್ಕೂ ಟಿಪ್ಪಣಿ ಬರೆದು ಹಾಕಿಬಿಡು, ಮುಂದಿನ ತಿಂಗಳ ವಿಷಯ ಅದರ ಕೆಳಗೇ ಇರಲಿ.